ತೋಳು ಹರಿಯುವ ಗುಲಾಬಿ

ಒಂದು ಗುಲಾಬಿ ಗಿಡ ಕೈಗೆ ಕೊಟ್ಟರೆ ನೀವು ಏನು ಮಾಡುತ್ತೀರಿ? ನೀರು ಹಾಕುತ್ತೀರಿ, ಫೋಟೋ ತೆಗೆಯುತ್ತೀರಿ, ಹೂವು ಬಿಟ್ಟರೆ ಯಾರಿಗೋ ಕೊಟ್ಟು ಬೈಸಿಕೊಂಡು ಬರುತ್ತೀರಿ. ನಿಮ್ಮ ತಲೆ ಓಡುವುದೇ ಅಷ್ಟು ದೂರ. ತಪ್ಪೇನಿಲ್ಲ ಬಿಡಿ, ಎಲ್ಲರೂ ಹೀರೋ ಆಗಿ ಹುಟ್ಟುವುದಿಲ್ಲ. ನಮ್ಮ ಹೀರೋ ಅದೇ ಒಂದು ಗಿಡದಿಂದ ಬಾಗಿಲು ಹಾಕಲಿದ್ದ ಟೈಲರ್ ಅಂಗಡಿಯನ್ನು ಉಳಿಸಿದ. ಎದುರುಗಡೆಯ ಮೂರಂತಸ್ತಿನ ರೆಡಿಮೇಡ್ ಅಂಗಡಿಯ ಸಾಹುಕಾರನನ್ನು ಹಗಲು ಹೊತ್ತಿನಲ್ಲೇ ಬನಿಯನ್ನಿನಲ್ಲಿ ಕೂರಿಸಿದ. ಕೈ ಎತ್ತಲಿಲ್ಲ, ಕಿರುಚಾಡಲಿಲ್ಲ, ಹಿಂದೆ ಮ್ಯೂಸಿಕ್ಕೂ ಇರಲಿಲ್ಲ. ನಂಬಿಕೆ ಬಾರದವರು ಈಗಲೇ ಎದ್ದು ಹೋಗಬಹುದು, ಇಂಟರ್ವಲ್‌ವರೆಗೆ ಕಾಯುವ ಅಗತ್ಯವಿಲ್ಲ.

ಹೀರೋ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅತ್ತೆ ಇಟ್ಟದ್ದು, ಅದೂ ಪ್ರೀತಿಯಿಂದಲ್ಲ. ಹುಡುಗ ಹಾಲು ತರಲು ಹೋದರೂ ಬಾಗಿಲನ್ನು ಕಾಲಿನಿಂದ ತಳ್ಳಿಕೊಂಡು ಬರುತ್ತಿದ್ದ. "ಹಾಲೆಲ್ಲೋ?" ಎಂದರೆ "ಹಾಲು ಬರಲ್ಲ ಅತ್ತೆ, ಹಾಲಿನ ಹೆಸರು ಹೇಳ್ಕೊಂಡು ನಾನ್ ಬರ್ತೀನಿ!" ಎನ್ನುತ್ತಿದ್ದ. ಆಮೇಲೆ ವಾಪಸು ಹೋಗಿ ಹಾಲು ತರುತ್ತಿದ್ದ. ಇಂಥವನನ್ನು ಹೀರೋ ಎನ್ನದೆ ಇನ್ನೇನು ಅನ್ನಬೇಕು?

ಮಾವ ಟೈಲರ್. ಬೀದಿಯ ಬಾಯಲ್ಲಿ ಮಾಸ್ಟ್ರು. ಮನೆಯ ಮುಂದಿನ ಕೋಣೆಯೇ ಅಂಗಡಿ: ಎರಡು ಮಷೀನು, ಒಂದು ಕಟಿಂಗ್ ಮೇಜು, ಬಂದವರಿಗೆ ಕೂರಲು ಒಂದು ಬೆಂಚು, ಕೂತವರ ಮುಖವನ್ನು ಅರ್ಧಕ್ಕೆ ಸೀಳಿ ತೋರಿಸುವ ಒಂದು ಬಿರುಕು ಕನ್ನಡಿ. ಕೋಣೆಗೂ ಬೀದಿಗೂ ನಡುವೆ ಪಟ್ಟಿಯಷ್ಟು ಅಗಲದ ತೋಟ, ಸೊಂಟದೆತ್ತರದ ಕಂಬಿ ಬೇಲಿ. ಮಾವನ ರಫು ಕೆಲಸ ಹೇಗಿತ್ತೆಂದರೆ, ಹರಿದ ಜಾಗ ಯಾವುದು ಎಂದು ಹರಿದುಕೊಂಡವನೇ ಮರೆತುಬಿಡಬೇಕು. ಆದರೆ ಎದುರುಗಡೆ ರೆಡಿಮೇಡ್ ಅಂಗಡಿ ಎದ್ದ ಮೇಲೆ ಜನ ಬಟ್ಟೆ ಹೊಲಿಸುವುದನ್ನೂ ಮರೆತರು, ಹರಿದರೆ ಸರಿ ಮಾಡಿಸುವುದನ್ನೂ ಮರೆತರು. ಮಾವ ಎರಡು ಮಷೀನಿಗೂ ಎಣ್ಣೆ ಬಿಟ್ಟು, ಒರೆಸಿ, ಮತ್ತೆ ಎಣ್ಣೆ ಬಿಡುತ್ತಿದ್ದ. ಅಂಗಡಿಯಲ್ಲಿ ದಿನವಿಡೀ ದುಡಿಯುತ್ತಿದ್ದದ್ದು ನೊಣಗಳು ಮಾತ್ರ.

ಹೀಗಿರುವಾಗ ರೆಡಿಮೇಡ್ ಅಂಗಡಿಯ ಮ್ಯಾನೇಜರು ಬಂದು ಬಾಗಿಲಲ್ಲೇ ನಿಂತು ಒಂದು ಟೀ-ಶರ್ಟನ್ನು ಮೇಜಿನ ಮೇಲಿಟ್ಟ. ತಮ್ಮಲ್ಲೇ ಕೆಲಸಕ್ಕೆ ಬನ್ನಿ ಎಂದ: ಮೆಟ್ಟಿಲ ಕೆಳಗೆ ಒಂದು ಕುರ್ಚಿ, ಒಂದು ಮಷೀನು, ಪ್ಯಾಂಟಿನ ಕಾಲು ಕತ್ತರಿಸಿ ಮಡಚಿ ಹೊಲಿಯುವ ಕೆಲಸ, ಯೂನಿಫಾರ್ಮ್ ಕಡ್ಡಾಯ. "ಯೋಚನೆ ಮಾಡಿ ಮಾಸ್ಟ್ರೇ, ಫ್ಯಾನ್ ಕೂಡ ಇದೆ" ಎಂದು ಹೇಳಿ ಹೋದ.

ಮಾವ ಟೀ-ಶರ್ಟನ್ನು ತಿರುಗಿಸಿ ಕಂಕುಳ ಹತ್ತಿರ ನೋಡಿದ. ಹೊಲಿಗೆ ಆಗಲೇ ಬಿಟ್ಟಿತ್ತು. ಸೂಜಿ ತೆಗೆದು ಅದನ್ನು ಸರಿ ಮಾಡಿದ. ತನಗೆ ಅವಮಾನ ಮಾಡಲು ಬಂದ ಬಟ್ಟೆಗೂ ಹೊಲಿಗೆ ಹಾಕುವ ಮನುಷ್ಯ.

"ಹೋಗ್ತೀಯಾ ಮಾವ?" ಎಂದು ಕೇಳಿದ ಹೀರೋ.

"ಇನ್ನೇನ್ ಮಾಡ್ಲಿ? ಮನೆ ನಡೀಬೇಕಲ್ಲ."

"ಹೋಗಿ ಆ ಮೆಟ್ಟಿಲ ಕೆಳಗೆ ಕೂತ್ಕೊಂಡ್ರೆ, ಮೇಲೆ ಹತ್ತೋರ ಚಪ್ಪಲಿ ಧೂಳೆಲ್ಲ ನಿಮ್ ತಲೆ ಮೇಲೆ" ಎಂದಳು ಅತ್ತೆ ಒಳಗಿನಿಂದ. ಬೇಡ ಎಂದು ಅವಳೂ ಹೇಳಲಿಲ್ಲ.

ಆಗಲೇ ಹೀರೋನ ತಲೆಯಲ್ಲಿ ಬಲ್ಬು ಉರಿದದ್ದು. ಹಿಂದಿನ ವಾರ ಪಕ್ಕದ ಬೀದಿಯ ಬೇಲಿಯ ಗುಲಾಬಿ ಮೂಸಲು ಹೋಗಿ ಅವನ ಅಂಗಿಯ ತೋಳು ಗೇಣುದ್ದ ಹರಿದಿತ್ತು. ಹೂವಿದ್ದರೆ ಜನ ಬಗ್ಗುತ್ತಾರೆ. ಬಗ್ಗಿದರೆ ಮುಳ್ಳು ಹಿಡಿಯುತ್ತದೆ. ಮುಳ್ಳು ಹಿಡಿದರೆ ಬಟ್ಟೆ ಹರಿಯುತ್ತದೆ. ಹರಿದ ಬಟ್ಟೆಯವನು ತಲೆ ಎತ್ತಿ ನೋಡಿದರೆ ಎದುರಿಗೇ ಬೋರ್ಡು: ಇಲ್ಲಿ ರಫು ಮಾಡಲಾಗುತ್ತದೆ! ಇಂಥ ಸ್ಕ್ರಿಪ್ಟು ಬರೆಯಲು ದೊಡ್ಡ ದೊಡ್ಡವರು ಬೆಟ್ಟದ ಮೇಲೆ ರೂಮು ಮಾಡಿಕೊಂಡು ತಿಂಗಳುಗಟ್ಟಲೆ ಕೂರುತ್ತಾರಂತೆ. ಹೀರೋಗೆ ಅದು ನಿಂತಲ್ಲೇ ಹೊಳೆಯಿತು.

ಮಾವನಿಗೆ ಮುಳ್ಳಿನ ವಿಷಯ ಹೇಳಲಿಲ್ಲ. "ಮಾವ, ಅಂಗಡಿ ಮುಂದೆ ಒಂದು ಒಳ್ಳೆ ಪರಿಮಳದ ಗುಲಾಬಿ ನೆಡೋಣ. ವಾಸನೆಗೆ ಜನ ನಿಲ್ತಾರೆ, ನಿಂತೋರು ಒಳಗೆ ಬರ್ತಾರೆ. ಅದರ ಮೊದಲನೇ ಸುತ್ತಿನ ಹೂವು ಉದುರೋವರೆಗೆ ನನಗೆ ಟೈಮ್ ಕೊಡು. ಆಮೇಲೂ ಕೆಲಸ ಬರ್ಲಿಲ್ಲಾಂದ್ರೆ ಆ ಟೀ-ಶರ್ಟನ್ನ ನಾನೇ ಇಸ್ತ್ರಿ ಮಾಡಿ ಕೊಡ್ತೀನಿ" ಎಂದ.

ಮಾವ ಟೀ-ಶರ್ಟನ್ನು ಮೊಳೆಗೆ ನೇತುಹಾಕಿದ. "ಆಯ್ತು. ಹೂವು ಇರೋವರೆಗೆ."

ನರ್ಸರಿ ನಡೆಸುತ್ತಿದ್ದ ಅಕ್ಕ ಸಾಲಾಗಿ ಕುಂಡಗಳನ್ನು ತೋರಿಸುತ್ತಾ ಹೋದಳು. ಮೊದಲನೆಯದು ಕೆಂಪಗೆ, ಸಿನಿಮಾ ಪೋಸ್ಟರಿನ ಹಾಗೆ ಮಿಂಚುತ್ತಿತ್ತು. ಹೀರೋ ಮೂಗು ಹತ್ತಿರ ತಂದ. ಏನೂ ಇಲ್ಲ.

"ಮೇಕಪ್ ಜಾಸ್ತಿ, ಆಕ್ಟಿಂಗ್ ಸೊನ್ನೆ. ಮುಂದೆ."

ಎರಡನೆಯದು ಬಳ್ಳಿಯಂತೆ ಹಬ್ಬುವಂಥದ್ದು. ಗೋಡೆ ಬೇಕು, ಕಟ್ಟಲು ತಂತಿ ಬೇಕು. ಬೇಡ. ಮೂರನೆಯದು ಎದೆಯೆತ್ತರದ ಪೊದೆ. ಕೊಂಬೆಗಳು ಕಮಾನಿನಂತೆ ಹೊರಕ್ಕೆ ಬಾಗಿದ್ದವು. ತುಂಬಾ ಎಸಳಿನ ಮಸುಕು ಗುಲಾಬಿ ಬಣ್ಣದ ಹೂವು, ಗೊಂಚಲು ಗೊಂಚಲು ಮೊಗ್ಗು. ಹೀರೋ ಇನ್ನೂ ಬಗ್ಗಿರಲಿಲ್ಲ, ಪರಿಮಳ ಮೂಗಿನೊಳಗೆ ಹೋಗಿ ಕಾಲು ಚಾಚಿ ಕೂತಿತು. ಜೇನು, ಅದರ ಹಿಂದೆಯೇ ಸ್ವಲ್ಪ ನಿಂಬೆ ಸಿಪ್ಪೆ.

"ಮುಳ್ಳು ಹೇಗಿದೆ ಅಕ್ಕಾ?"

"ಹೆದ್ರಬೇಡ, ಗ್ಲೌಸ್ ಹಾಕ್ಕೊಂಡ್ರೆ ಏನೂ ಆಗಲ್ಲ."

"ಹಂಗಲ್ಲ. ಬಟ್ಟೆ ಹಿಡಿದ್ರೆ ಬಿಡುತ್ತಾ?"

ಅಕ್ಕ ಕೈಯಲ್ಲಿದ್ದ ನೀರಿನ ಪೈಪನ್ನು ಕೆಳಗಿಟ್ಟಳು. "ಮುಳ್ಳು ಕಮ್ಮಿ ಇರೋದ್ ಕೊಡಿ ಅಂತ ಕೇಳೋರ್ನ ನೋಡಿದೀನಿ. ನೀನ್ಯಾರಪ್ಪ, ಮುಳ್ಳಿಗೆ ಇಂಟರ್ವ್ಯೂ ಮಾಡ್ತಿದೀಯ?"

"ಹೂವಿಗೆ ಮುಳ್ಳೇ ಮರ್ಯಾದೆ ಅಕ್ಕಾ!"

"ಒಳ್ಳೇ ಕಥೆ. ತಗೋ, ಇದರದ್ದು ಕೊಕ್ಕೆ ಮುಳ್ಳು. ಹಿಡಿದ್ರೆ ಸಾಲ ಕೊಟ್ಟೋನ್ ಥರ, ಬಿಡಲ್ಲ." ಅಕ್ಕ ಕುಂಡವನ್ನು ಗಾಡಿಗೆ ಎತ್ತಿಕೊಡುತ್ತಾ ಹೇಳಿದಳು: "ಅರ್ಧ ದಿನವಾದ್ರೂ ಬಿಸಿಲು ಬೀಳೋ ಕಡೆ ಇಡು. ಬುಡದಲ್ಲಿ ನೀರು ನಿಲ್ಲಬಾರ್ದು. ಗೋಡೆಗೆ ಒತ್ತಿಕೊಂಡು ನೆಡಬೇಡ, ಗಾಳಿ ಆಡ್ಬೇಕು. ಆಮೇಲೆ ಒಂದು ಮಾತು ತಿಳ್ಕೋ, ಇದನ್ನ ಬಗ್ಗಿ ಮೂಸಬೇಕಾಗಿಲ್ಲ. ವಾಸನೆ ತಾನೇ ಎದ್ದು ಬರುತ್ತೆ, ಗಾಳಿ ಎತ್ತ ಹೋದ್ರೆ ಅತ್ತ."

ಕಥೆಯ ಕ್ಲೈಮ್ಯಾಕ್ಸು ಇಡೀ ಆ ಒಂದು ಮಾತಿನಲ್ಲಿತ್ತು. ಹೀರೋ ಅದನ್ನು ವ್ಯಾಪಾರದ ಬಣ್ಣದ ಮಾತು ಎಂದುಕೊಂಡು, ಕುಂಡದ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದ.

ಎಲ್ಲಿ ನೆಡುವುದು ಎನ್ನುವುದರ ಮೇಲೆ ಮನೆಯಲ್ಲಿ ಯುದ್ಧವಾಯಿತು.

"ಹಿಂದ್ಗಡೆ ಬಟ್ಟೆ ಒಣಗಿಸೋ ತಂತಿ ಹತ್ರ ಹಾಕಿ. ಒಗೆದ ಬಟ್ಟೆಗಾದ್ರೂ ಪರಿಮಳ ಬರ್ಲಿ" ಎಂದಳು ಅತ್ತೆ.

"ಕಿಟಕಿ ಕೆಳಗೆ. ನಾನು ಮಷೀನ್ ತುಳಿಯುವಾಗ ನೋಡ್ಕೋಬೋದು" ಎಂದ ಮಾವ.

"ಬೇಲಿ ಪಕ್ಕ" ಎಂದ ಹೀರೋ. "ಯಾಕಂದ್ರೆ ಹಿಂದ್ಗಡೆ ಬಿಸಿಲಿಲ್ಲ. ಕಿಟಕಿ ಕೆಳಗೆ ಗೋಡೆ ಒತ್ತುತ್ತೆ. ಸೂರ್ಯ ಬೇಲಿ ಹತ್ರ ಬರ್ತಾನೆ. ಸೂರ್ಯ ಎಲ್ಲಿ ಬರ್ತಾನೋ ಅಲ್ಲಿ ಈ ಗಿಡ ಇರುತ್ತೆ. ಈ ಗಿಡ ಎಲ್ಲಿರುತ್ತೋ..."

"ಸಾಕು, ಅಲ್ಲೇ ತೋಡು" ಎಂದಳು ಅತ್ತೆ.

ಆದರೆ ಮಾವ ಮಾವನೇ. ಅಳತೆ ಇಲ್ಲದೆ ಒಂದು ಗುಂಡಿಯನ್ನೂ ಹಾಕುವವನಲ್ಲ. ಕೊರಳಲ್ಲಿದ್ದ ಟೇಪು ತೆಗೆದು, ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದಿಂದ ಮಣ್ಣಿನ ಮೇಲೆ ಒಂದು ವೃತ್ತ ಬರೆದ. "ಮುಂದೆ ಗಿಡ ದಪ್ಪ ಆದ್ರೆ ಇಷ್ಟು ಮಾರ್ಜಿನ್ ಬೇಕು" ಎಂದ, ಬೆಳೆಯುವ ಮಕ್ಕಳ ಯೂನಿಫಾರ್ಮಿಗೆ ಒಳಗೆ ಬಟ್ಟೆ ಬಿಟ್ಟ ಹಾಗೆ. ಅವನು ಕೈತೊಳೆಯಲು ಹೋದಾಗ ಹೀರೋ ಆ ವೃತ್ತವನ್ನು ಕಾಲಿನಿಂದ ಅಳಿಸಿ ಬೇಲಿಯತ್ತ ಒಂದು ಮೊಳ ಸರಿಸಿದ. ಆಮೇಲೆ ಅದೇ ಟೇಪು ಹಿಡಿದು ಫುಟ್‌ಪಾತಿನಲ್ಲಿ ನಿಂತು ತನ್ನ ಮೂಗಿನಿಂದ ಮೊಣಕೈಗೆ, ಮೊಣಕೈಯಿಂದ ಕಂಬಿಗೆ ಅಳೆದ. ಹೂವು ಮೂಗಿಗೆ ಸಿಗಬೇಕು, ಆದರೆ ಸುಲಭಕ್ಕೆ ಸಿಗಬಾರದು. ತೋಳು ಮಾತ್ರ ಸುಲಭಕ್ಕೆ ಸಿಗಬೇಕು.

ಆಳವಾಗಿ ತೋಡಿದರು, ಗೊಬ್ಬರ ಬೆರೆಸಿದರು, ಬೇರಿನ ಉಂಡೆ ಒಡೆಯದ ಹಾಗೆ ಇಳಿಸಿದರು. ಅತ್ತೆ ಒಂದು ಬಕೆಟ್ ನೀರು ಹುಯ್ದು, "ಹೂವಿನ ಗಿಡ ತಂದೋರು ಮುಖ ಅರಳಿಸ್ಕೊಂಡಿರ್ತಾರೆ. ಇವನು ಬೋನು ಇಟ್ಟೋನ್ ಥರ ನಗ್ತಿದಾನೆ" ಎಂದಳು. ಹೀರೋ ಥಟ್ಟನೆ ನಗು ನಿಲ್ಲಿಸಿದ.

ಹೂವು ಅರಳಿತು. ಅರಳಿತು ಅಂದರೆ ಹಾಗೆ ಹೀಗೆ ಅಲ್ಲ, ಗಿಡ ತುಂಬಾ ಗೊಂಚಲು. ಹೀರೋ ಬೆಳಗಿನಿಂದ ಕಿಟಕಿಯ ಹಿಂದೆ ಕ್ಯಾಮೆರಾಮನ್‌ನಂತೆ ಕಾದು ಕೂತ. ಜನ ಬಂದರು. "ಆಹಾ" ಎಂದರು. ನಡೆಯುತ್ತಲೇ ಉಸಿರೆಳೆದುಕೊಂಡು ಮುಂದೆ ಹೋದರು. ಯಾರೂ ಬಗ್ಗಲಿಲ್ಲ. ಯಾಕೆ ಬಗ್ಗಬೇಕು? ಪರಿಮಳವೇ ಬೇಲಿ ಹಾರಿ ಬಂದು ಅವರ ಮೂಗಿಗೆ ಸಲಾಂ ಹೊಡೆಯುತ್ತಿತ್ತು. ಮನೆ ಬಾಗಿಲಿಗೆ ಊಟ ತಂದುಕೊಟ್ಟರೆ ಹೋಟೆಲಿಗೆ ಯಾರು ಹೋಗುತ್ತಾರೆ?

ಹೀರೋ ತಾನೇ ಬೀದಿಗಿಳಿದ. ಹಳೇ ಪೋಸ್ಟ್‌ಮ್ಯಾನ್ ತಾತ ಕೋಲೂರಿಕೊಂಡು ಬರುತ್ತಿದ್ದರು.

"ತಾತಾ, ದೂರದಿಂದ ಮೂಸಿದ್ರೆ ಏನ್ ಮಜಾ? ಹತ್ರ ಬಂದು ನೋಡಿ, ಒಳಗಡೆ ನಿಂಬೆ ವಾಸನೆ ಇದೆ."

"ಹೌದೇನೋ ಮರಿ?" ತಾತ ನಂಬಿ ಬಗ್ಗಿದರು. ಮುಳ್ಳು ತನ್ನ ಕೆಲಸವನ್ನು ಶ್ರದ್ಧೆಯಿಂದ ಮಾಡಿತು. ಆದರೆ ಅದು ಸೆಕೆಗಾಲ. ತಾತನದು ಅರ್ಧ ತೋಳಿನ ಅಂಗಿ. ಬೀದಿಯಲ್ಲಿ ಓಡಾಡುವವರದೆಲ್ಲ ಅರ್ಧ ತೋಳಿನ ಅಂಗಿ. ಟೈಲರ್ ಮನೆಯಲ್ಲಿ ಬೆಳೆದ ಹುಡುಗ ಮೂಗು ಅಳೆದ, ಮೊಣಕೈ ಅಳೆದ, ತೋಳು ಯಾವ ಕಾಲದಲ್ಲಿ ಎಷ್ಟುದ್ದ ಇರುತ್ತದೆ ಎನ್ನುವುದನ್ನು ಬಿಟ್ಟ! ತಾತನ ಕೈ ಗೀರಿ ರಕ್ತ ಬಂತು. ಅತ್ತೆ ಓಡಿ ಬಂದು ಮುಲಾಮು ಹಚ್ಚಿ, ಬ್ಯಾಂಡೇಜು ಸುತ್ತಿ, ಚಹಾ ಕೊಟ್ಟು ಕಳಿಸಿದಳು. ತಾತ ಮರುದಿನವೂ ಬಂದರು. ಗಾಯಕ್ಕಲ್ಲ, ಚಹಾಕ್ಕೆ.

ಇದಕ್ಕಿಂತ ದೊಡ್ಡ ಪೆಟ್ಟು ಸಂಜೆ ಬಿತ್ತು. ಅತ್ತೆ ಸೋಪು ತರಲು ಹೋದವಳು ಕೈಬೀಸಿಕೊಂಡು ವಾಪಸು ಬಂದಳು.

"ಹೀರೋ ಅವರೇ, ತಮ್ಮ ಗುಲಾಬಿ ಎಲ್ಲಿ ಡ್ಯೂಟಿ ಮಾಡ್ತಿದೆ ಗೊತ್ತಾ?"

"ಎಲ್ಲಿ?"

"ಎದುರುಗಡೆ. ನಮ್ ಮನೆ ಮೇಲಿಂದ ಗಾಳಿ ಬಂದು ಸೀದಾ ಅವ್ರ ಬಾಗ್ಲಿಗೆ ನುಗ್ತಿದೆ. ಒಳಗೆ ಕಾಲಿಟ್ರೆ ಗಮ್ ಅಂತಿದೆ. ಜನ ಹೊರಗೆ ಬರೋಕೇ ಮನಸ್ಸಿಲ್ದೆ ಇನ್ನೊಂದು ಶರ್ಟು ನೋಡ್ತಿದಾರೆ. ಆ ಮ್ಯಾನೇಜರು 'ನಮ್ದೇ ಹೊಸ ಸ್ಪ್ರೇ ಮೇಡಂ' ಅಂತ ನನಗೇ ಹೇಳ್ತಾನೆ!"

ಹೀರೋ ಓಡಿಹೋಗಿ ನೋಡಿದ. ನಿಜ. ಗುಂಡಿ ತೋಡಿದ್ದು ಇವರು, ನೀರು ಹೊತ್ತದ್ದು ಇವರು, ಗಿರಾಕಿ ಅವರಿಗೆ. ರೆಡಿಮೇಡ್ ಅಂಗಡಿಗೆ ಇಷ್ಟು ಚೆನ್ನಾಗಿ ಪ್ರಚಾರ ಮಾಡಿದವರು ಅವರ ಸಂಬಳದ ಪಟ್ಟಿಯಲ್ಲೂ ಇರಲಿಲ್ಲ.

ಹೂವು ಉದುರತೊಡಗಿತು. ಮಾವ ದಿನಾ ಬೆಳಗ್ಗೆ ಎಸಳುಗಳನ್ನು ಗುಡಿಸಿ ಬುಡಕ್ಕೇ ಹಾಕುತ್ತಿದ್ದ. ಬೈಯಲಿಲ್ಲ. ಬೈದಿದ್ದರೆ ಹೀರೋಗೆ ಎಷ್ಟೋ ವಾಸಿಯಿತ್ತು. ಕೊನೆಗೆ ಒಂದು ಸಂಜೆ ಮಷೀನುಗಳ ಮೇಲೆ ಬಟ್ಟೆ ಹೊದಿಸಿ, "ಪರಿಮಳ ಚೆನ್ನಾಗಿತ್ತು ಕಣೋ. ನಾಳೆ ಹೋಗಿ ಹೂಂ ಅಂದ್ಬಿಡ್ತೀನಿ" ಎಂದ. ಟೀ-ಶರ್ಟು ಮೊಳೆಗೆ ನೇತಾಡುತ್ತಿತ್ತು.

ಈಗ ಬಂತು ನೋಡಿ ಸೀನು. ಉಸಿರು ಬಿಗಿಹಿಡಿಯಿರಿ.

ಮರುದಿನ ಬೆಳಗ್ಗೆ ಹೀರೋ ಬೇಲಿಯ ಪಕ್ಕ ಕೈಕಟ್ಟಿ ನಿಂತ. ಕಣ್ಣಲ್ಲಿ ಬೆಂಕಿ. ಎದುರುಗಡೆ ಶಟರು ಎತ್ತಿಸುತ್ತಿದ್ದ ರೆಡಿಮೇಡ್ ಸಾಹುಕಾರನಿಗೆ ಪರಿಮಳ ತಾಕಿತು. ಎಂಥ ಸೆಕೆಯಲ್ಲೂ ಪೂರ್ತಿ ತೋಳಿನ ಅಂಗಿ ಹಾಕುವ ಒಬ್ಬನೇ ಗಂಡಸು ಆ ಬೀದಿಯಲ್ಲಿ ಅವನು. ಮಂತ್ರಕ್ಕೆ ಸಿಕ್ಕವನಂತೆ ರಸ್ತೆ ದಾಟಿ ಬಂದ. ಹೀರೋ ಕೈಯೆತ್ತಿ ಉಳಿದ ಒಂದೇ ಗೊಂಚಲು ತೋರಿಸಿದ. ಸಾಹುಕಾರ ಬಗ್ಗಿದ. ಚರ್ರ್! "ಸಾವ್ಕಾರ್ರೇ, ಬೆಲೆ ಕಟ್ಟಿ ಬಟ್ಟೆ ಮಾರ್ಬೋದು, ಹರಿದ್ಮೇಲೆ ಮಾಸ್ಟ್ರ ಹತ್ರಾನೇ ಬರ್ಬೇಕು!" ಎಂದು ಹೀರೋ ಹೇಳಿದ ಡೈಲಾಗಿಗೆ ಇಡೀ ಬೀದಿ ಶಿಳ್ಳೆ ಹೊಡೆಯಿತು.

ಎಂದು ಬರೆದು ಇಲ್ಲಿಗೇ ಪರದೆ ಎಳೆಯಬಹುದಿತ್ತು. ಆದರೆ ಅತ್ತೆ ಅಡುಗೆಮನೆ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಾಳೆ, ಅವಳ ಬಾಯಿಗೆ ಬೀಗವಿಲ್ಲ. ಅವಳು ಹೇಳುವ ಮೊದಲು ಇಲ್ಲೇ ಒಪ್ಪಿಕೊಂಡುಬಿಡುವುದು ಮರ್ಯಾದೆ.

ಆದದ್ದಿಷ್ಟು. ಗಿಡವನ್ನು ಕಿತ್ತು ಮನೆಯ ಹಿಂದಕ್ಕೆ ಒಯ್ದರೆ ಎದುರಿನ ಅಂಗಡಿಗೆ ಪರಿಮಳ ನಿಲ್ಲುತ್ತದೆ, ಮಾವ ಹೂಂ ಅನ್ನುವ ಮೊದಲು ಅಷ್ಟಾದರೂ ಸೇಡು ತೀರಲಿ ಎಂದು ಹೀರೋ ಬೆಳಗ್ಗೆಯೇ ಗುದ್ದಲಿ ಹಿಡಿದು ಬಂದ. ಬಂದವನು ಬೇಲಿಗೂ ಗಿಡಕ್ಕೂ ನಡುವೆ ತೂರಿದ. ಮಾವ ಹಾಕಿದ ಗೆರೆಯಲ್ಲೇ ಗಿಡ ನೆಟ್ಟಿದ್ದರೆ ಅಲ್ಲಿ ಒಬ್ಬ ಮನುಷ್ಯ ಓಡಾಡುವಷ್ಟು ಜಾಗ ಇರುತ್ತಿತ್ತು. ಎರಡು ಏಟು ಹಾಕಿ ಬಗ್ಗಿದಾಗ ಕೊಕ್ಕೆ ಮುಳ್ಳು ಹಿಂದಿನಿಂದ ಪ್ಯಾಂಟನ್ನು ಹಿಡಿಯಿತು. ಮುಂದೆ ಹೋದರೆ ಕಂಬಿ, ಹಿಂದೆ ಬಂದರೆ ಮುಳ್ಳು. ತಿರುಗಲು ನೋಡಿದಾಗ ಪ್ಯಾಂಟು ಸೊಂಟದಿಂದ ತೊಡೆಯವರೆಗೆ ಬಾಯ್ತೆರೆಯಿತು. ಹೀರೋ ಬಾಯಿಂದ ಬಂದದ್ದು ಡೈಲಾಗಲ್ಲ, "ಅಮ್ಮಾ!"

ಶಟರು ಎತ್ತಿಸುತ್ತಿದ್ದ ಸಾಹುಕಾರ ಪರಿಮಳಕ್ಕಲ್ಲ, ಆ ಕೂಗಿಗೆ ಓಡಿ ಬಂದದ್ದು. "ಅಲ್ಲಾಡ್ಬೇಡ, ಅಲ್ಲಾಡ್ಬೇಡ ಮಾರಾಯ" ಎನ್ನುತ್ತಾ ಕಂಬಿಯ ಮೇಲಿಂದ ಕೈ ಹಾಕಿ ಒಂದೊಂದೇ ಕೊಂಬೆ ಬಿಡಿಸಿದ. ಹೀರೋ ಅಲ್ಲಾಡಿದ. ಸಾಹುಕಾರನ ತೋಳು ಭುಜದಿಂದ ಮೊಣಕೈವರೆಗೆ ಹರಿಯಿತು.

ಹೀಗೆ ಒಬ್ಬ ಬನಿಯನ್ನಿನಲ್ಲಿ, ಒಬ್ಬ ಟವೆಲ್ಲಿನಲ್ಲಿ, ಇಬ್ಬರೂ ಬೆಂಚಿನ ಮೇಲೆ ಕೂತರು. ಮಾವ ಮಷೀನಿನ ಹೊದಿಕೆ ತೆಗೆದ. ಅಂಗಿಯನ್ನು ಬೆಳಕಿಗೆ ಹಿಡಿದವನು ಎಡಭುಜದ ಒಳಗೆ ಬೆರಳಾಡಿಸಿದ. ಅಲ್ಲಿ ತೆಳ್ಳಗೆ ಒಂದು ಪದರ ಬಟ್ಟೆ ಮಡಚಿಟ್ಟು ಹೊಲಿದಿತ್ತು.

"ಇದು ನನ್ ಕೈ ಹೊಲಿಗೆ."

ಸಾಹುಕಾರ ನೆಲ ನೋಡಿದ. ಬನಿಯನ್ನಿನಲ್ಲಿ ಅವನ ಎಡಭುಜ ಬಲಕ್ಕಿಂತ ಇಳಿದಿರುವುದು ಯಾರಿಗಾದರೂ ಕಾಣುತ್ತಿತ್ತು. "ಅಂಗಡಿ ತೆಗೆಯೋಕ್ ಮುಂಚೆ ನಿಮ್ಮತ್ರ ಹೊಲಿಸ್ತಿದ್ನಲ್ಲ ಮಾಸ್ಟ್ರೇ. ಅವನ್ನೇ ತಿರುಗಿಸಿ ಮುರುಗಿಸಿ ಹಾಕ್ಕೋತಿದೀನಿ. ನನ್ ಅಂಗಡೀದು ಒಂದೂ ನನಗೆ ಕೂರಲ್ಲ. ಎದುರುಗಡೆ ಅಂಗಡಿ ಇಟ್ಕೊಂಡು ನಿಮ್ಮತ್ರ ಬರೋಕೆ ಮುಖ ಇರ್ಲಿಲ್ಲ."

ಮಾವ ದಾರ ಹೊಂದಿಸುತ್ತಿದ್ದ. ಅಂಗಿಯ ಒಳ ಅಂಚಿನಿಂದಲೇ ಎಳೆ ತೆಗೆದು ಸೂಜಿಗೆ ಪೋಣಿಸಿದ. ಅತ್ತೆ ಚಹಾ ತಂದು ಸಾಹುಕಾರನಿಗೆ ಕೊಟ್ಟಳು, ಹೀರೋಗೆ ಕೊಡಲಿಲ್ಲ.

"ಮೆಟ್ಟಿಲ ಕೆಳಗೆ ಅಂತ ಮ್ಯಾನೇಜರು ಹೇಳಿದ್ದಾ?" ಎಂದ ಸಾಹುಕಾರ. "ಬೇಡ. ಮೇಲಿನ ಮಹಡೀಲೇ ಜಾಗ ಮಾಡ್ಕೊಡ್ತೀನಿ, ಬನ್ನಿ."

"ನಾನು ಆ ಕಡೆ ಬರಲ್ಲ ಸಾವ್ಕಾರ್ರೇ" ಎಂದ ಮಾವ, ಸೂಜಿಯಿಂದ ಕಣ್ಣು ತೆಗೆಯದೆ. "ಕಾಲು ಕತ್ತರಿಸೋ ಪ್ಯಾಂಟುಗಳಿದ್ರೆ ಅವೇ ಈ ಕಡೆ ಬರ್ಲಿ. ಇಲ್ಲೂ ಫ್ಯಾನಿದೆ."

ಸಾಹುಕಾರ ತಲೆಯೆತ್ತಿ ಫ್ಯಾನು ನೋಡಿದ. ಅದು ತಿರುಗುತ್ತಿರಲಿಲ್ಲ. ಆದರೂ ನಕ್ಕ. "ಆಗ್ಲಿ. ನನಗೊಂದು ಹೊಸಾ ಶರ್ಟಿಗೂ ಅಳತೆ ತಗೊಳ್ಳಿ."

ಅವನು ರಫು ಕಾಣದ ತೋಳಿನಲ್ಲಿ ರಸ್ತೆ ದಾಟಿದ ಮೇಲೆ ಮಾವ ಹೀರೋ ಕಡೆ ತಿರುಗಿದ. ಅತ್ತೆ ಅಷ್ಟರಲ್ಲಿ ಮೂಗಿನ ಅಳತೆ, ಮೊಣಕೈ ಅಳತೆ, ಅಳಿಸಿದ ಗೆರೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿ ಮುಗಿಸಿದ್ದಳು.

"ಬಟ್ಟೆ ಹರಿದು ಕೆಲಸ ಹುಟ್ಟಿಸೋದಾಗಿದ್ರೆ ಕತ್ರಿ ನನ್ ಕೈಯಲ್ಲೇ ಇತ್ತಲ್ಲೋ" ಎಂದ ಮಾವ. ಅಷ್ಟೇ. ಹರಿದ ಪ್ಯಾಂಟನ್ನೂ ಒಂದು ಸೂಜಿಯನ್ನೂ ಅವನ ತೊಡೆಯ ಮೇಲಿಟ್ಟು, ಅಗೆದು ಬಿಟ್ಟ ಬೇರಿಗೆ ಮಣ್ಣು ಮುಚ್ಚಲು ಹೊರಗೆ ಹೋದ.

ಆದ್ದರಿಂದ ಓದುಗರೇ, ಹೀರೋ ಒಂದು ಪ್ಲ್ಯಾನು ಮಾಡಿದ್ದು ನಿಜ, ಅಂಗಡಿ ಉಳಿದದ್ದೂ ನಿಜ. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಶಿಳ್ಳೆಯನ್ನೂ ಯಾರೂ ಹೊಡೆಯಲಿಲ್ಲ. ಪೋಸ್ಟ್‌ಮ್ಯಾನ್ ತಾತ ಚಹಾಕ್ಕೆ ಬಂದವರು, ಬೆಂಚಿನ ಮೇಲೆ ಟವೆಲ್ ಸುತ್ತಿಕೊಂಡು ಸೂಜಿಗೆ ದಾರ ಪೋಣಿಸಲಾಗದೆ ಕೂತಿದ್ದವನನ್ನು ನೋಡಿ, "ಯಾಕೋ ಮರಿ, ಹತ್ರ ಹೋಗಿ ಮೂಸಿದ್ಯಾ?" ಎಂದು ಕೇಳಿದರು.